ಮೆಸ್ಸಿನ ಕಿಟಕಿಯಿಂದ ಕಂಡ ಯುದ್ಧ

ಕಾದಂಬರಿಕಾರ ಮನೋಹರ ಮಳಗಾಂವಕರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಮರಾಠಾ ಲಘು ಪದಾತಿದಳದ ಅಧಿಕಾರಿಯಾಗಿದ್ದವರು. ಲೆಫ್ಟಿನೆಂಟ್ ಕರ್ನಲ್ ಆಗಿ 1952ರಲ್ಲಿ ಸೈನ್ಯ ಬಿಟ್ಟು, ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಜಗಲಬೇಟ್‌ನ ಕಾಡಿನಲ್ಲಿ ನೆಲೆಸಿದರು. ಮಲೆನಾಡಿನ ಮಳೆ ಕಂಡ ನಮಗೆ ಆ ಕಾಡು ಪರಕೀಯವಲ್ಲ. ಆದರೂ ಅವರು ಇಂಗ್ಲಿಷಿನಲ್ಲಿ ಬರೆದರೆಂಬ ಕಾರಣಕ್ಕೆ ಅವರನ್ನು ನಮ್ಮ ನೆಲದ ಲೇಖಕರ ಸಾಲಿನಲ್ಲಿ ನೆನೆಯುವುದು ಅಪರೂಪ.

ಸೇನೆಯ ಅನುಭವ ನೇರವಾಗಿ ಇಳಿದಿರುವುದು ‘ಡಿಸ್ಟಂಟ್ ಡ್ರಮ್’ (1960) ಎಂಬ ಮೊದಲ ಕಾದಂಬರಿಯಲ್ಲಿ. ಕಥಾನಾಯಕ ಕಿರಣ್ ಗರುಡ್. ಅವನ ಸಾತ್ಪುರ ರೆಜಿಮೆಂಟ್ ಕಲ್ಪಿತ. ಮೆಸ್ಸಿನ ರೀತಿ ರಿವಾಜು, ಮೇಲಧಿಕಾರಿಯ ಒಂದು ಮೆಚ್ಚುಗೆಗೆ ಕಾಯುವ ಕಿರಿಯನ ತಳಮಳ, ಹೇಡಿ ಎನಿಸಿಕೊಳ್ಳುವ ಭಯ: ಇವನ್ನು ಹೊರಗಿನವರು ಇಷ್ಟು ಸಲೀಸಾಗಿ ಬರೆಯಲಾರರು. ದೇಶ ಒಡೆದಾಗ ಗೆಳೆಯ ಅಬ್ದುಲ್ ಜಮಾಲ್ ಪಾಕಿಸ್ತಾನದ ಸೇನೆಗೆ ಹೋಗುತ್ತಾನೆ. ಕಾಶ್ಮೀರದಲ್ಲಿ ಇಬ್ಬರೂ ಎದುರು ಬದುರು ಪಾಳೆಯದಲ್ಲಿ ನಿಲ್ಲುತ್ತಾರೆ. ಸೈನಿಕನ ನಿಷ್ಠೆ ಗಡಿಗೋ ಗೆಳೆತನಕ್ಕೋ ಎಂಬ ಪ್ರಶ್ನೆಯನ್ನು ಮಳಗಾಂವಕರ್ ಇಲ್ಲಿ ಭಾಷಣವಿಲ್ಲದೆ ಎತ್ತುತ್ತಾರೆ.

ತಕರಾರೂ ಇದೆ. ಈ ಸೈನ್ಯದಲ್ಲಿ ಜವಾನನಿಗೆ ಮುಖವಿಲ್ಲ. ಬೆಳಗಾವಿಯ ಮರಾಠಾ ದಳದ ಕೇಂದ್ರದಲ್ಲಿ ಕವಾಯತು ಕಲಿತು ಹೊರಟ ರೈತನ ಮಗ ಏಕೆ ಸೇರಿದ, ಯಾರಿಗಾಗಿ ಸಾಯಲು ಸಿದ್ಧನಾದ ಎಂಬುದರತ್ತ ಲೇಖಕರ ಕುತೂಹಲ ಹೊರಳುವುದಿಲ್ಲ. 1942ರಲ್ಲಿ ಒಂದು ಕಡೆ ‘ಭಾರತ ಬಿಟ್ಟು ತೊಲಗಿ’ ಚಳವಳಿ, ಇನ್ನೊಂದು ಕಡೆ ಬ್ರಿಟಿಷರ ಸಮವಸ್ತ್ರ. ಈ ಇಕ್ಕಟ್ಟು ಒಬ್ಬ ಭಾರತೀಯ ಅಧಿಕಾರಿಯನ್ನು ಕಾಡಬೇಕಾದಷ್ಟು ಕಿರಣ್‌ನನ್ನು ಕಾಡುವುದಿಲ್ಲ. ರೆಜಿಮೆಂಟಿನ ಮೇಲಿನ ಮಮತೆ ವಿವೇಚನೆಯನ್ನು ಮಂಕಾಗಿಸಿದೆ.

‘ಎ ಬೆಂಡ್ ಇನ್ ದಿ ಗ್ಯಾಂಜಸ್’ (1964) ಬೇರೆಯೇ ಮಟ್ಟದ್ದು. ಅದರ ಮುಖ್ಯ ಪಾತ್ರಗಳು ಸೈನಿಕರಲ್ಲ: ಗಾಂಧಿಯ ಮಾತು ನಂಬಿ ಅದರಂತೆ ಬಾಳಲಾಗದ ಗ್ಯಾನ್ ತಲ್ವಾರ್, ಕ್ರಾಂತಿಕಾರಿ ದೇಬಿದಯಾಳ್. ಇಬ್ಬರೂ ಅಂಡಮಾನಿನ ಸೆರೆಮನೆ ಸೇರುತ್ತಾರೆ; ಯುದ್ಧ ಜಪಾನೀಯರ ರೂಪದಲ್ಲಿ ಅಲ್ಲಿಗೂ ಬರುತ್ತದೆ. ದೇಶವಿಭಜನೆಯ ಹಿಂಸೆಯ ಪುಟಗಳಲ್ಲಿ ಕಣ್ಣು ತಪ್ಪಿಸದೆ ನೋಡುವ ಗಟ್ಟಿತನ ಸೇನೆಯಿಂದಲೇ ಬಂದಿರಬಹುದು. ಆದರೆ ಇಲ್ಲಿ ಲೇಖಕರು ಯಾರ ಪರವಾಗಿಯೂ ಸೆಲ್ಯೂಟ್ ಹೊಡೆಯುವುದಿಲ್ಲ.

ಅಧಿಕಾರಿಯ ಮನಸ್ಸು ತಿಳಿಯಬೇಕೆನ್ನುವವರಿಗೆ ಮೊದಲ ಪುಸ್ತಕ ಸಾಕು. ಒಂದನ್ನೇ ಓದಲು ಬಿಡುವಿದ್ದವರು ಎರಡನೆಯದನ್ನು ಕೈಗೆತ್ತಿಕೊಳ್ಳಲಿ.