ಹಕ್ಕಿ ನೋಡಲು ತಿಥಿ ನೋಡಿ

ಕಾಡುಹಕ್ಕಿ ನೋಡುವವರಿಗೆ ಒಂದೇ ನಿಯಮ: ಬೆಳಕು ಹರಿಯುವ ಮುಂಚೆ ಎದ್ದು ಹೊರಡಬೇಕು. ಅದೇ ರೂಢಿಯಲ್ಲಿ ಕುಮಟಾ ಸೀಮೆಗೆ ಹೋಗಿ, ತದಡಿಯ ಅಂಚಿನಲ್ಲಿ ದುರ್ಬೀನು ಹಿಡಿದು ನಿಂತವರು ಎಷ್ಟೋ ಸಲ ತುಂಬಿದ ನೀರನ್ನಷ್ಟೇ ನೋಡಿ ಹಿಂತಿರುಗುತ್ತಾರೆ. ಅಘನಾಶಿನಿ ಹೊಳೆ ಕಡಲು ಸೇರುವ ಈ ಅಳಿವೆಯಲ್ಲಿ ಸೂರ್ಯನ ದರ್ಬಾರು ನಡೆಯುವುದಿಲ್ಲ, ಚಂದ್ರನದು ನಡೆಯುತ್ತದೆ. ಕೆಸರು ತೆರೆದರೆ ಹಕ್ಕಿಗೆ ಊಟ, ಮುಚ್ಚಿದರೆ ನಿದ್ದೆ. ಅದು ನಡುರಾತ್ರಿಯಾದರೂ ಸರಿ, ಉರಿಬಿಸಿಲಾದರೂ ಸರಿ.

ಆದ್ದರಿಂದ ಗಡಿಯಾರ ಬದಿಗಿಟ್ಟು ಪಂಚಾಂಗ ತೆಗೆಯಿರಿ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಮಂಕು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಲ್ಲಿ ಭರತ ಬರುವುದು ಮಧ್ಯಾಹ್ನಕ್ಕೆ ಮುಂಚೆ, ಇಳಿತ ಸಂಜೆಯ ಕಡೆಗೆ. ಪಡುವಣಕ್ಕೆ ಬೆನ್ನು ಮಾಡಿ ನಿಂತರೆ ಇಳಿಬಿಸಿಲು ಹಕ್ಕಿಯ ಮೇಲೆ ನೇರ ಬೀಳುತ್ತದೆ, ಕೆಸರೂ ಹೊರಬೀಳುತ್ತಿರುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಳನಾಡಿನ ಮಿರ್ಜಾನದ ಕಡೆ ಹೋದಂತೆ ನೀರಿನ ಆಟ ಅಳಿವೆ ಬಾಯಿಗಿಂತ ತಡವಾಗುತ್ತದೆ, ಅದನ್ನೂ ಕೂಡಿಸಿಕೊಳ್ಳಿ.

ಕೆಸರು ಎಲ್ಲ ಕೊಕ್ಕಿಗೂ ಒಂದೇ ಅಲ್ಲ. ಪ್ಲೋವರ್‌ನದು ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಓಡಿ, ಗಕ್ಕನೆ ನಿಂತು, ಮೇಲ್ಮೈಯಲ್ಲಿ ಅಲುಗಿದ್ದನ್ನು ಹೆಕ್ಕುತ್ತದೆ. ರೆಡ್‌ಶ್ಯಾಂಕ್ ಇನ್ನಷ್ಟು ಆಳಕ್ಕೆ ಚುಚ್ಚುತ್ತದೆ. ಟೆರೆಕ್ ಸ್ಯಾಂಡ್‌ಪೈಪರ್ ಮೇಲಕ್ಕೆ ಬಾಗಿದ ಕೊಕ್ಕನ್ನು ಮುಂದೆ ಚಾಚಿಕೊಂಡು ಏಡಿಮರಿಗಳ ಹಿಂದೆ ಹುಚ್ಚು ಹಿಡಿದಂತೆ ಓಡುತ್ತದೆ. ಅದನ್ನು ನೋಡಿ ನಗದವರಿಗೆ ಈ ಹವ್ಯಾಸ ಒಗ್ಗುವುದಿಲ್ಲ. ಕರ್ಲ್ಯೂವಿನದು ಕೆಳಕ್ಕೆ ಬಾಗಿದ, ಸುಮಾರು ಗೇಣುದ್ದದ ಕೊಕ್ಕು. ಹೆಣ್ಣಿನದು ಗಂಡಿನದಕ್ಕಿಂತ ಉದ್ದ. ಬಿಲದಲ್ಲಿ ಕಣ್ಣು ಕೆಲಸ ಮಾಡದು, ಸ್ಪರ್ಶವೇ ಗತಿ. ಉಳಿದ ಕೊಕ್ಕು ಮುಚ್ಚಿಯೇ ಇರುವಾಗ ತುದಿಯನ್ನಷ್ಟೇ ತೆರೆದು ಬೇಟೆ ಹಿಡಿಯುವ ಕಸುಬು ಅದಕ್ಕೆ ಗೊತ್ತು. ಏಡಿ ಸಿಕ್ಕರೆ ಝಾಡಿಸಿ ಕಾಲು ಮುರಿದು ಆಮೇಲೆ ನುಂಗುತ್ತದೆ. ಇವೆಲ್ಲ ಮಳೆಗಾಲದ ಕೊನೆಗೆ ಬಂದು ಬೇಸಿಗೆಯ ನಡುವೆ ಹೋಗುವ ಅತಿಥಿಗಳು. ಕರಾವಳಿ ಬೆಳ್ಳಕ್ಕಿ ಮಾತ್ರ ವರ್ಷವಿಡೀ ಇರುತ್ತದೆ. ಬೆಳ್ಳಕ್ಕಿ ಎಂದರೂ ಬೂದುಗಪ್ಪು ಬಣ್ಣದ್ದೂ ಉಂಟು. ಹೊಸಬರು ಅದನ್ನು ಬೇರೆ ಜಾತಿಯೆಂದು ಬರೆದುಕೊಳ್ಳುವುದು ಮಾಮೂಲು.

ಇಷ್ಟು ಕೊಕ್ಕುಗಳಿಗೆ ಅನ್ನ ಹುಟ್ಟುವುದು ಉಪ್ಪಿನಿಂದ. ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿಗೆ ಕಡಲು ಸೇರುವವರೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ಅಳಿವೆಯನ್ನು ತೊಳೆದುಬಿಡುತ್ತದೆ, ಮಳೆ ನಿಂತ ಮೇಲೆ ಉಪ್ಪು ಮೆಲ್ಲಗೆ ಒಳಗೇರುತ್ತದೆ. ಪಕ್ಕದ ಹೊನ್ನಾವರದ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ವಿದ್ಯುತ್ ಘಟಕಗಳು ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿಯುತ್ತಲೇ ಇರುತ್ತದೆ. ಉಪ್ಪು ಕಡಿಮೆಯಾಯಿತು, ಚಿಪ್ಪುಜೀವಿಗಳೂ ಸೊರಗಿದವು. ಅಘನಾಶಿನಿಯಲ್ಲಿ ಇಂದಿಗೂ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಬೆಳಚು ಎಂಬ ಚಿಪ್ಪುಜೀವಿಗಳನ್ನು ಬಾಚುತ್ತಾರೆ. ಅವರು ಗುಂಪಾಗಿ ಬಗ್ಗಿರುವ ಕಡೆ ಹಕ್ಕಿಗೂ ಮೇವುಂಟು. ಹಕ್ಕಿಯ ಜಾಗ ಹುಡುಕಲು ಇದಕ್ಕಿಂತ ಸುಲಭದ ಗುರುತು ಬೇಕೆ? 2024ರ ಜನವರಿ ಕೊನೆಗೆ 4,801 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಘೋಷಣೆಯಾಯಿತು. ಬೆಳಚು ಬಾಚುವವರಿಗೆ ಇದರ ಬೆಲೆ ಅದಕ್ಕೆ ಬಹಳ ಮೊದಲೇ ಗೊತ್ತಿತ್ತು.

ಭರತದ ಹೊತ್ತಿಗೆ ಎಲ್ಲರೂ ಚಹಾ ಕುಡಿಯಲು ಹೋಗುತ್ತಾರೆ. ನಾನಾದರೆ ಆಗಲೇ ಗಜನಿಯತ್ತ ನಡೆಯುತ್ತೇನೆ. ಕೆಸರು ಮುಳುಗಿದ ಮೇಲೆ ಹಕ್ಕಿಗಳಿಗೆ ಕಾಲೂರಲು ಒಣ ಜಾಗ ಬೇಕು. ಗಜನಿಯ ಕಟ್ಟೆಗಳೂ ಸಾಣಿಕಟ್ಟಾದ ಉಪ್ಪಿನ ಆಗರಗಳೂ ಅಂಥ ತಾಣಗಳು. ಗಜನಿ ಎಂದರೆ ಉಪ್ಪುನೀರು ತಡೆಯಲು ಕಟ್ಟೆ ಹಾಕಿದ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ಸಹಿಸುವ, ಗೊಬ್ಬರ ಕೇಳದ ತಳಿ. ಕೊಯ್ಲಾದ ಮೇಲೆ ಹಲಗೆಬಾಗಿಲು ಎತ್ತಿ ಭರತದ ನೀರು ಒಳಬಿಡುತ್ತಾರೆ, ಕೊಳೆತ ಕೂಳೆಯ ಮೇಲೆ ಸೀಗಡಿ, ಮೀನು ಬೆಳೆಯುತ್ತವೆ. ಕಟ್ಟೆಯ ಮೇಲೆ ಒಂಟಿಗಾಲಲ್ಲಿ ನಿದ್ರಿಸುವ ಸಾಲನ್ನು ದೂರದಿಂದ ಸ್ಕೋಪ್ ಇಟ್ಟು ನೋಡಿ. ಓಡಾಡುವಾಗ ಗುರುತು ಸಿಗದ ಪ್ಲೋವರ್‌ಗಳು ಇಲ್ಲಿ ಪಕ್ಕಪಕ್ಕ ನಿಂತು ಹೋಲಿಕೆಗೆ ಸಿಗುತ್ತವೆ. ಏಪ್ರಿಲ್‌ನಲ್ಲಾದರೆ ಅವುಗಳಲ್ಲಿ ಕೆಲವುಗಳ ಎದೆಗೆ ಇಟ್ಟಿಗೆಗೆಂಪು ಏರಿರುತ್ತದೆ.

ದೋಣಿ ವಿಹಾರಕ್ಕೆ ನನ್ನ ವಿರೋಧವಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಸಾಲಿನ ನಡುವೆ ಸಾಗುವಾಗ ಕರಿತಲೆಯ ಮಿಂಚುಳ್ಳಿ ಕಾಣುವುದು ದೋಣಿಯಿಂದಲೇ. ಆದರೆ ಭರತದಲ್ಲಿ ಹೋಗಿ. ಇಳಿತದಲ್ಲಿ ಮೇಯುತ್ತಿರುವ ಹಿಂಡಿನ ಕಡೆ ಎಂಜಿನ್ ತಿರುಗಿಸಿ, ಹಾರಿಸಿ, ಫೋಟೊ ತೆಗೆಸುವುದು ಈಚೆಗೆ ಹೆಚ್ಚಾದ ಚಾಳಿ. ಸಾವಿರಾರು ಕಿಲೋಮೀಟರ್ ಹಾರಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಗೆ ಅದು ತಟ್ಟೆ ಕಸಿದ ಹಾಗೆ. ಕಾಂಡ್ಲಾ ನೆಡುವ ಉತ್ಸಾಹಿಗಳಿಗೂ ಒಂದು ತಕರಾರು: ಗಿಡ ದಡ ಹಿಡಿಯುತ್ತದೆ, ಮೀನುಮರಿ ಸಾಕುತ್ತದೆ, ಒಪ್ಪಿದೆ. ಆದರೆ ಬಯಲು ಕೆಸರಿನ ಮೇಲೆಲ್ಲ ನೆಟ್ಟರೆ ಕರ್ಲ್ಯೂ ಎಲ್ಲಿ ಇಳಿಯಬೇಕು? ಖಾಲಿ ಕಾಣುವ ಕೆಸರು ಪಾಳುಭೂಮಿಯಲ್ಲ.

ಮೊದಲ ಸಲ ಹೋಗುವವರು ದೊಡ್ಡ ಲೆನ್ಸಿನ ದುಡ್ಡಿನಲ್ಲಿ ಸ್ಕೋಪು, ಗಟ್ಟಿ ಟ್ರೈಪಾಡು ಕೊಳ್ಳಿ. ಬರಿಗಾಲಲ್ಲಿ ಕೆಸರಿಗಿಳಿಯಬೇಡಿ, ಸಿಂಪಿಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ನೀರು ತಿರುಗಿದ್ದು ಕಂಡ ಕೂಡಲೇ ದಡದತ್ತ ಹೊರಡಿ. ಭರತ ಮೊದಲು ತುಂಬುವುದು ನಿಮ್ಮ ಬೆನ್ನ ಹಿಂದಿನ ಕಾಲುವೆಗಳನ್ನು.