ಐದನೇ ವರ್ಷದ ಬಿಲ್ಲು

ಬಸವಕಲ್ಯಾಣ ಅಂದ್ರೆ ನಿಮಗೆ ಅನುಭವ ಮಂಟಪ ನೆನಪಾಗಬಹುದು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ ಓಡಿಸುವವರಿಗೆ ನೆನಪಾಗೋದು ಆಟೋನಗರ. ಅಲ್ಲಿ ನಮ್ಮ ಕಾಕಾನ ಸ್ಪೇರ್‌ಪಾರ್ಟ್ಸ್ ಅಂಗಡಿ ಇದೆ. ಬ್ರೇಕ್ ಲೈನರ್, ಬೇರಿಂಗ್, ಕ್ಲಚ್ ಪ್ಲೇಟ್ ಅಂತ ಸುಮಾರು 4,000 ಐಟಂ. 2020ರ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಕೇಳಿದರು: "ತಮ್ಮಾ, ಡ್ರೈವರ್ ದಾರ್ಯಾಗ ಕುಂತು ಪಾರ್ಟ್ ನಂಬರ್ ಹೊಡೆದ್ರ ಮಾಲ್ ಅದನೋ ಇಲ್ಲೋ, ರೇಟ್ ಎಷ್ಟು ಅಂತ ಕಾಣಬೇಕು. ಅಂಥಾದೊಂದು ವೆಬ್‌ಸೈಟ್ ಮಾಡಿ ಕೊಡ್ತಿ ಏನು?"

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ಮಗ ಇಲ್ಲ ಅಂತಾನಾ? "ಎರಡು ದಿನದ ಕೆಲಸ ಕಾಕಾ" ಅಂದೆ.

ಆಫೀಸಿನಲ್ಲಿ ಏನು ಮಾಡ್ತೀವೋ ಅದನ್ನೇ ಮಾಡಿದೆ. ಒಂದು ದೊಡ್ಡ ಕ್ಲೌಡ್ ಕಂಪನಿಯಲ್ಲಿ ಖಾತೆ ತೆರೆದೆ. ಡೇಟಾಬೇಸಿಗೇ ಬೇರೆ ಸರ್ವರ್, ಮುಂದಿನ ಪುಟಕ್ಕೆ ಆಗಷ್ಟೇ ಕಲಿಯುತ್ತಿದ್ದ ಹೊಸ ಫ್ರೇಮ್‌ವರ್ಕ್. ಮೊದಲ ವರ್ಷ ಪುಕ್ಕಟೆ, ಕಾರ್ಡ್ ನನ್ನದು. ಕಾಕಾ ಖುಷ್, ನಾನೂ ಖುಷ್.

ವರ್ಷ ಮುಗಿದ ಮೇಲೆ ಡಾಲರ್ ಲೆಕ್ಕದಲ್ಲಿ ಬಿಲ್ ಶುರುವಾಯಿತು. ಅದೇ ಹೊತ್ತಿಗೆ, 2021ರ ಅಕ್ಟೋಬರ್‌ನಿಂದ, ಕಾರ್ಡಿನಿಂದ ತಂತಾನೆ ಹಣ ಕಡಿತವಾಗೋದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾಗಿತ್ತು. ನನ್ನ ಕಾರ್ಡಿನಲ್ಲಿ ಕಡಿತ ನಿಂತಿತು. ಮೇಲ್ ಬಂದಿದ್ದು ನಾನು ನೋಡದ ಇನ್‌ಬಾಕ್ಸಿಗೆ. ಸೈಟ್ ಬಂದಾಗಿ ಒಂಬತ್ತು ದಿನ ಆದ ಮೇಲೆ ಕಾಕಾ ಫೋನ್ ಮಾಡಿ, "ಗಿರಾಕಿ ಕೇಳ್ಲತ್ತಾರ, ಅಂಗಡಿ ಮುಚ್ಚೀರೇನು ಅಂತ" ಅಂದರು.

ಅವತ್ತು ಮೊದಲ ಬಾರಿಗೆ ಕೂತು ಲೆಕ್ಕ ಹಾಕಿದೆ. ಒಂದು ಐಟಂಗೆ ಪಾರ್ಟ್ ನಂಬರ್, ಗಾಡಿ, ಬೆಲೆ, ಸ್ಟಾಕ್ ಸೇರಿ ಬಹಳ ಅಂದ್ರೆ 500 ಬೈಟ್. 4,000 ಐಟಂಗೆ 2 ಎಂಬಿ. ಕಾಕಾನ ಮೊಬೈಲಿನಲ್ಲಿರೋ ಒಂದು ಫೋಟೋದಷ್ಟೂ ಇಲ್ಲ! ಇದಕ್ಕೆ ಪ್ರತ್ಯೇಕ ಡೇಟಾಬೇಸ್ ಸರ್ವರ್ ಕಟ್ಟಿದ್ದೆ. ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವ ಎಸ್‌ಕ್ಯೂಲೈಟ್ 2000ದಿಂದಲೂ ಪುಕ್ಕಟೆಯಾಗಿ ಸಿಗುತ್ತದೆ. ದಿನಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಹಿಟ್ ಇರೋ ಸೈಟಿಗೆ ಅದು ಸಾಕು ಅಂತ ಅದನ್ನು ಮಾಡಿದವರೇ ಬರೆದಿದ್ದಾರೆ. ಕಾಕಾನ ಸೈಟಿಗೆ ದಿನಕ್ಕೆ ನೂರು ಜನ ಬಂದರೆ ಹಬ್ಬ. ನಮ್ಮಂಥವರು ಮಾಡೋ ತಪ್ಪು ಇದೇ. ರೆಸ್ಯೂಮೆಗೆ ಬೇಕಾದದ್ದನ್ನು ಊರಿನ ಅಂಗಡಿಗೆ ಕಟ್ಟಿ, ಪುಕ್ಕಟೆ ಮಾಡಿಕೊಟ್ಟೆ ಅಂತ ಉಪಕಾರದ ಲೆಕ್ಕ ಬರೆದುಕೊಳ್ಳುತ್ತೇವೆ.

ಹಾಗಂತ ಅಗ್ಗದ ಜಾಹೀರಾತು ನಂಬಿದವರು ಗೆದ್ದರಾ? ಹುಮನಾಬಾದಿನಲ್ಲಿ ಬೇಳೆ ವ್ಯಾಪಾರ ಮಾಡುವ ನಮ್ಮ ಭಾವನ ಕಥೆ ಕೇಳಿ. ಅವರು ಹಿಡಿದಿದ್ದು ತಿಂಗಳಿಗೆ 79 ರೂಪಾಯಿಯ ಹೋಸ್ಟಿಂಗ್. ಆ ದರ ಬೇಕಂದ್ರೆ 48 ತಿಂಗಳ ಹಣ ಒಟ್ಟಿಗೇ ಕಟ್ಟಬೇಕು: 3,792 ರೂಪಾಯಿ, ಮೇಲೆ 18% ಜಿಎಸ್‌ಟಿ ಸೇರಿ ಸುಮಾರು 4,475. ನವೀಕರಣದ ದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ತಿಂಗಳಿಗೆ 299. ಅಂದ್ರೆ ಜಿಎಸ್‌ಟಿ ಸೇರಿ ವರ್ಷಕ್ಕೆ ಸುಮಾರು 4,234. ನಾಲ್ಕು ವರ್ಷಕ್ಕೆ ಕೊಟ್ಟಷ್ಟನ್ನು ಹೆಚ್ಚುಕಡಿಮೆ ಐದನೇ ಒಂದೇ ವರ್ಷಕ್ಕೆ ಕೊಡಬೇಕು. 'ಅನ್‌ಲಿಮಿಟೆಡ್' ಅನ್ನೋ ಮಾತಿಗೂ ಮಿತಿ ಇತ್ತು. ಎಷ್ಟು ಫೈಲ್ ಇಡಬಹುದು, ಪ್ರೊಸೆಸರ್ ಎಷ್ಟು ಬಳಸಬಹುದು ಅಂತ ಷರತ್ತಿನ ಪುಟದಲ್ಲಿ ಬರೆದಿದ್ದರು. ಸುಳ್ಳು ಹೇಳಿರಲಿಲ್ಲ, ಯಾರೂ ಓದದ ಕಡೆ ನಿಜ ಹೇಳಿದ್ದರು ಅಷ್ಟೇ.

ಹಣದ ವಿಷಯ ಬಿಡಿ, ಭಾವ ಕಳಕೊಂಡಿದ್ದು ಹೆಸರು. ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಇಮೇಲ್, ತನ್ನ ನಂಬರಿಗೆ ತಗೊಂಡಿದ್ದ. ಮೋಸದ ಉದ್ದೇಶ ಇರಲಿಲ್ಲ. ಭಾವನಿಗೆ ಇಮೇಲ್ ಇರಲಿಲ್ಲ, ಹಾಗಾಗಿ. ಆಮೇಲೆ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ನಂಬರ್ ಬದಲಾಯಿತು. ಅವಧಿ ಮುಗಿದು, ಮರಳಿ ಪಡೆಯೋ ಗಡುವೂ ಮುಗಿದು ಹೆಸರು ಬೇರೆ ಯಾರದೋ ಪಾಲಾಯಿತು. ಬೇಳೆ ಚೀಲಗಳ ಮೇಲೆಲ್ಲ ಅದೇ ವಿಳಾಸ ಪ್ರಿಂಟ್ ಆಗಿತ್ತು.

ಆ ಹುಡುಗನನ್ನು ಹೇಗೋ ಹುಡುಕಿ ಹಳೆಯ ಡೇಟಾ ತರಿಸಿದೆವು. ಹೊಸ ಸರ್ವರಿಗೆ ಹಾಕಿದರೆ 'ತೊಗರಿ ಬೇಳೆ' ಇದ್ದ ಜಾಗದಲ್ಲೆಲ್ಲ ಅರ್ಥವಿಲ್ಲದ ಗುರುತುಗಳು. ಮೈಎಸ್‌ಕ್ಯೂಎಲ್‌ಗೆ ನಾವಾಗಿ ಹೇಳದಿದ್ದರೆ 2018ರ 8.0 ಆವೃತ್ತಿಯ ತನಕ ಅದು 'ಲ್ಯಾಟಿನ್1' ಅನ್ನೋ ಅಕ್ಷರ ವ್ಯವಸ್ಥೆಯನ್ನೇ ಹಿಡೀತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಈಗ ತಾನಾಗಿ ಬರೋದು 'ಯುಟಿಎಫ್8ಎಂಬಿ4'. ಹಳೆ ಆವೃತ್ತಿ ಕೊಡೋ ಅಗ್ಗದ ಹೋಸ್ಟಿಂಗಾದರೆ ಟೇಬಲ್ ಮಾಡುವಾಗಲೇ ಇದನ್ನು ನೋಡಿಕೊಳ್ಳಬೇಕು. ಭಾವನ ಡೇಟಾ ಸರಿಪಡಿಸೋಕೆ ನನಗೆ ಒಂದಿಡೀ ರಾತ್ರಿ ಹಿಡಿಯಿತು.

ಕಾಕಾನ ಸೈಟ್ ಎರಡನೇ ಸಲ ಕಟ್ಟುವಾಗ ಅವರನ್ನೇ ಕೇಳಿದೆ: ಹೊಸ ಲಾರಿ ತಗೊಳ್ಳೋರು ಏನು ನೋಡ್ತಾರೆ? "ಪಾರ್ಟ್ ಎಲ್ಲಿ ಬೇಕಲ್ಲಿ ಸಿಗಬೇಕು, ರಾತ್ರಿ ಹನ್ನೆರಡಕ್ಕ ನಿಂತ್ರೂ ಅದನ್ನ ಬಿಚ್ಚೋ ಮಿಸ್ತ್ರಿ ಇರಬೇಕು. ಇಲ್ಲಂದ್ರ ಎಷ್ಟು ಸಸ್ತಾ ಬಂದ್ರೂ ಏನ್ ಉಪಯೋಗ?"

ಹಾಗಾಗಿ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಆರಿಸಿದೆ. ಎರಡೂ 1995ರಲ್ಲಿ ಬಂದವು. ನಮ್ಮ ಆಫೀಸಿನಲ್ಲಿ ಪಿಎಚ್‌ಪಿ ಅಂದ್ರೆ ಜನ ಮುಖ ಮುರೀತಾರೆ. ಆದರೆ ಬಿಸಿಎ ಮಾಡಿದ ಹುಡುಗ ಅಥವಾ ಹುಡುಗಿ ನನ್ನ ಕೋಡ್ ತೆರೆದು ಓದಬಲ್ಲರು, ಯಾವ ಶೇರ್ಡ್ ಹೋಸ್ಟಿಂಗಿಗೆ ಬೇಕಾದರೂ ಎತ್ತಿ ಹಾಕಬಲ್ಲರು. ಎಸ್‌ಕ್ಯೂಲೈಟ್ ಸಾಕಿತ್ತು ನಿಜ. ಆದರೆ ಮೈಎಸ್‌ಕ್ಯೂಎಲ್ ಇದ್ದ ಕಡೆ ಸಾಮಾನ್ಯವಾಗಿ ಪಿಎಚ್‌ಪಿಮೈಅಡ್ಮಿನ್ ಇರುತ್ತದೆ, ಎಕ್ಸ್‌ಪೋರ್ಟ್ ಬಟನ್ ಒತ್ತಿದರೆ ಡೇಟಾ ಕೈಗೆ ಬರುತ್ತದೆ. ವರ್ಡ್‌ಪ್ರೆಸ್, ವೂಕಾಮರ್ಸ್ ಬೇಡ ಅಂದೆ. ಆನ್‌ಲೈನಿನಲ್ಲಿ ದುಡ್ಡು ತಗೊಳ್ಳೋ ಅಂಗಡಿಗೆ ಅವು ಒಳ್ಳೆಯವೇ. ಆದರೆ ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡುತ್ತಾ ಕೂರುವವರು ಕಾಕಾನ ಅಂಗಡಿಯಲ್ಲಿ ಯಾರೂ ಇಲ್ಲ. ಅಲ್ಲಿ ಬೇಕಿದ್ದದ್ದು ಒಂದು ಹುಡುಕು ಪೆಟ್ಟಿಗೆ, ಒಂದು ಬೆಲೆ ಪಟ್ಟಿ, ಒಂದು ಫೋನ್ ನಂಬರ್. ಬೀಗದ ಗುರುತು ತೋರಿಸೋ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ ದುಡ್ಡು ಕೊಡಲಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತೆ.

ಹೋಸ್ಟಿಂಗ್ ವರ್ಷಕ್ಕೊಮ್ಮೆ ಕಟ್ಟುವಂಥದ್ದು, ರೂಪಾಯಿಯಲ್ಲಿ, ಯುಪಿಐನಲ್ಲಿ. ಜಾಹೀರಾತಿನ 79 ರೂಪಾಯಿಗಿಂತ ದುಬಾರಿ, ಆದರೆ ಐದನೇ ವರ್ಷವೂ ಹೆಚ್ಚುಕಡಿಮೆ ಅದೇ ದರ. ಡೊಮೇನ್ ಕಾಕಾನ ಹೆಸರಲ್ಲಿ, ಕಾಕಾನ ನಂಬರಿಗೆ. ಪಾಸ್‌ವರ್ಡ್ ಗಲ್ಲಾಪೆಟ್ಟಿಗೆಯ ಡೈರಿಯಲ್ಲಿದೆ. ಸೆಕ್ಯುರಿಟಿ ಗೊತ್ತಿರೋ ಗೆಳೆಯರು ನಗ್ತಾರೆ, ನಗಲಿ. ಅಂಗಡಿಯ ರಸೀದಿ ಪುಸ್ತಕವೂ ಅಲ್ಲೇ ಇರೋದು.

ತಿಂಗಳಿಗೊಮ್ಮೆ ಅಂಗಡಿಯ ಹುಡುಗಿ ಡೇಟಾ ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತಾಳೆ. ಒಮ್ಮೆ ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮರಳಿ ಏರಿಸಿ, ಕನ್ನಡ ಸರಿಯಾಗಿ ಬರುತ್ತಾ ಅಂತ ನೋಡಿದೆವು. ಬಂತು. ಭಾವ ಮಾತ್ರ ಹಳೆ ಚೀಲಗಳ ಮೇಲೆ ಇನ್ನೂ ಹೊಸ ವಿಳಾಸದ ಸ್ಟಿಕ್ಕರ್ ಅಂಟಿಸ್ತಿದ್ದಾರೆ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ನೀವು ಮಾಡಿಕೊಟ್ಟ ಸೈಟಿನ ಡೊಮೇನ್ ಯಾರ ಹೆಸರಲ್ಲಿದೆ ಅಂತ ಒಮ್ಮೆ ನೋಡಿ. ನಿಮ್ಮ ಹೆಸರಲ್ಲಿದ್ದರೆ, ಊಟಕ್ಕೆ ಕೂರೋ ಮುಂಚೆ ಬದಲಾಯಿಸಿ.