ಯಾರ ಕಣ್ಣಿನಿಂದ ಓದು?

1822ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವಾಸ ಪ್ರಸಾರ ಸಂಘವು ಹುಟ್ಟಿದಾಗ, ಪೌಲಿನ್ ಜಾರಿಕೋ ಎಂಬ ಶ್ರೀಸಾಮಾನ್ಯ ಮಹಿಳೆ ಕಟ್ಟಿದ್ದ ಹತ್ತು ಹತ್ತು ಜನರ ಗುಂಪುಗಳೇ ಅದಕ್ಕೆ ತಳಹದಿಯಾದವು. ಸದಸ್ಯರು ವಾರಕ್ಕೊಂದು ಕಾಸು ನೀಡುತ್ತಿದ್ದರು. ಮಿಷನರಿಗಳ ಪತ್ರಗಳ ಸಂಚಿಕೆ ಗುಂಪಿನೊಳಗೆ ಕೈಯಿಂದ ಕೈಗೆ ಸಾಗುತ್ತಿತ್ತು. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಕಾಣಿಕೆ ಉಳಿದಿದೆ, ಓದು ಮರೆಯಾಗಿದೆ. ಆದುದರಿಂದ ಪ್ರೇಷಿತಕಾರ್ಯವನ್ನು ಕುರಿತು ಮಹಿಳೆಯರ ವಾಚನಕೂಟಗಳನ್ನು ಆರಂಭಿಸಬೇಕೆಂಬ ಸಲಹೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಯಾವ ಪುಸ್ತಕವನ್ನು ಓದಬೇಕು ಎಂಬುದಕ್ಕಿಂತ ಯಾರ ಕಣ್ಣಿನಿಂದ ಓದಬೇಕು ಎಂಬ ಪ್ರಶ್ನೆ ಮೊದಲು ಬರಬೇಕು.

ಇಂತಹ ಕೂಟಗಳಿಗೆಂದೇ ರಚಿತವಾದ ಒಂದು ಪ್ರಸಿದ್ಧ ಪಠ್ಯವನ್ನು ಇಲ್ಲಿ ಪರಿಶೀಲಿಸಬಹುದು. ಅಮೆರಿಕದ ಪ್ರೊಟೆಸ್ಟಂಟ್ ಮಹಿಳಾ ಮಿಷನ್ ಸಂಘಗಳು 1900ರಲ್ಲಿ ಒಂದುಗೂಡಿ, ವರ್ಷಕ್ಕೊಂದು ಪುಸ್ತಕವನ್ನು ಕೂಡಿ ಅಭ್ಯಸಿಸುವ ಯೋಜನೆಯನ್ನು ಕೈಗೊಂಡವು. ಹೆಲೆನ್ ಬ್ಯಾರೆಟ್ ಮಾಂಟ್‌ಗೊಮೆರಿಯವರ ‘ವೆಸ್ಟರ್ನ್ ವಿಮೆನ್ ಇನ್ ಈಸ್ಟರ್ನ್ ಲ್ಯಾಂಡ್ಸ್’ (1910) ಆ ಮಾಲೆಯದು. ಮಿಷನ್ ಕ್ಷೇತ್ರದಲ್ಲಿ ಮಹಿಳೆಯರು ನಡೆಸಿದ ಐವತ್ತು ವರ್ಷಗಳ ಸೇವೆ ಅದರ ವಸ್ತು. ಓದುಗಳನ್ನು ಕೇವಲ ದಾನಿಯೆಂದು ಕಾಣದೆ, ಇತಿಹಾಸವನ್ನೂ ಕಾರ್ಯನೀತಿಯನ್ನೂ ವಿವೇಚಿಸಬಲ್ಲವಳೆಂದು ಗೌರವಿಸಿದ್ದು ಈ ಕೃತಿಯ ದೊಡ್ಡ ಗುಣ. ಅದರ ಕೊರತೆ ಶೀರ್ಷಿಕೆಯಲ್ಲಿಯೇ ಇದೆ. ಪಶ್ಚಿಮದ ಮಹಿಳೆ ಕರ್ತೃ. ಪೂರ್ವದೇಶಗಳು ಆಕೆಯ ಕಾರ್ಯಕ್ಷೇತ್ರ. ಪೂರ್ವದ ಮಹಿಳೆಯ ಮುನ್ನಡೆಯನ್ನು ಲೇಖಕಿ ಗುರುತಿಸುತ್ತಾರೆ, ನಿಜ. ಆದರೆ ಅದನ್ನು ಬಹುಮಟ್ಟಿಗೆ ಮಿಷನ್ನಿನ ಫಲವೆಂದೇ ಎಣಿಸುತ್ತಾರೆ.

ಈ ಕೃತಿಯ ಎದುರಿಗೆ ನಾವು ಪಂಡಿತಾ ರಮಾಬಾಯಿಯವರನ್ನು ಇರಿಸಲು ಬಯಸುತ್ತೇವೆ. 1858ರಲ್ಲಿ ಕಾರ್ಕಳದ ಬಳಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದ ಅವರು ತಾಯಿಯಿಂದ ಸಂಸ್ಕೃತ ಕಲಿತರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ತಮಗೆ ವಿಶ್ವಾಸವನ್ನು ಬೋಧಿಸಿದ ಆಂಗ್ಲಿಕನ್ ಧರ್ಮಭಗಿನಿಯೊಡನೆಯೇ ಸಿದ್ಧಾಂತಗಳನ್ನು ಕುರಿತು ಪತ್ರಗಳಲ್ಲಿ ದೀರ್ಘವಾಗಿ ವಾದಿಸಿದರು. ಅವರ ವಿಶ್ವಾಸ ಪ್ರಶ್ನಿಸುವ ವಿಶ್ವಾಸವಾಗಿತ್ತು. ಮೂಲಭಾಷೆಗಳಿಂದ ಮರಾಠಿಗೆ ಅವರು ಅನುವಾದಿಸಿದ ಬೈಬಲ್, ಅವರ ಮರಣಾನಂತರ 1924ರಲ್ಲಿ ಪ್ರಕಟವಾಯಿತು. ಮಾಂಟ್‌ಗೊಮೆರಿಯವರು ಗ್ರೀಕಿನಿಂದ ಮಾಡಿದ ಹೊಸ ಒಡಂಬಡಿಕೆಯ ಅನುವಾದ ಹೊರಬಂದದ್ದೂ ಅದೇ ವರ್ಷ. ಪುಸ್ತಕದ ಶೀರ್ಷಿಕೆ ಎಳೆದ ಗೆರೆಯನ್ನು ಈ ಇಬ್ಬರು ಮಹಿಳೆಯರ ದುಡಿಮೆಯೇ ಅಳಿಸಿಹಾಕುತ್ತದೆ.

ನಮ್ಮ ವಾಚನಕೂಟಗಳಿಗೆ ಇದರಿಂದ ಎರಡು ಪಾಠಗಳಿವೆ. ಹೋದವರ ಬರಹದೊಡನೆ, ಅವರನ್ನು ಬರಮಾಡಿಕೊಂಡವರ ಬರಹವನ್ನೂ ಓದಬೇಕು. ಕೂಟವನ್ನು ನಡೆಸುವವರು ಮಹಿಳೆಯರೇ ಆಗಿರಬೇಕು. ಗುರುಗಳು ಕರೆದಾಗ ಬಂದು ಕುಳಿತು ಕೇಳಬೇಕು. ಎರಡನೆಯದು ನಮ್ಮಂತಹ ಬೋಧಕರಿಗೆ ಕಠಿಣವೆನಿಸೀತು. ಆದರೆ ವಾಗ್ಮಿಯೂ ಶಾಸ್ತ್ರಪಾರಂಗತನೂ ಆಗಿದ್ದ ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದವರಲ್ಲಿ ಪ್ರಿಸಿಲ್ಲಳೂ ಒಬ್ಬಳೆಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಆತ ಕೇಳಿಸಿಕೊಂಡನು, ಅವನ ಬೋಧನೆ ಅದರಿಂದ ಕುಗ್ಗಲಿಲ್ಲ.